ಅಕ್ಕತಂಗಿಯರ ಈಲಿಯಲ್ಲಿ ಒಂದೇ ಎಂಜೈಮು

ನನ್ನ ಎದೆಗುಳಿಯಿಂದ ಶುರುವಾಗಿ ಬಲಪಕ್ಕೆಯವರೆಗೆ ಒಂದು ಹೊಲಿಗೆಯ ಗೆರೆ ಇದೆ. ಅಲ್ಲಿಂದ ನನ್ನ ಈಲಿಯ ಒಂದು ತುಂಡು ಕತ್ತರಿಸಿ ತೆಗೆದಿದ್ದಾರೆ. ಆಸ್ಪತ್ರೆಯವರು ಅದನ್ನು ಲಿವರ್ ಅನ್ನುತ್ತಾರೆ. ಕುರಿಯದ್ದಾದರೂ ನನ್ನದಾದರೂ ನಾನು ಈಲಿ ಅಂತಲೇ ಅನ್ನುವುದು. ಅದರಲ್ಲಿ ಕ್ಯಾನ್ಸರ್ ಗಡ್ಡೆ ಇತ್ತು. ನಾನು ಬದುಕಿದ್ದೇನೆ. ನನ್ನ ತಂಗಿ ಜಯಮ್ಮನ ಈಲಿಯಲ್ಲೂ ಅದೇ ಇತ್ತು. ಅವಳು ಬದುಕಲಿಲ್ಲ.

ಇದನ್ನು ಬರೆಯಿರಿ ಅಂದವರು ಆಸ್ಪತ್ರೆಯ ಲ್ಯಾಬಿನ ಡಾಕ್ಟರಮ್ಮ. "ಹೊರಗೆ ಬೆಂಚಿನ ಮೇಲೆ ಕೂತಿರೋರು ಓದ್ತಾರೆ ಅಜ್ಜಿ, ಧೈರ್ಯ ಬರುತ್ತೆ" ಅಂದರು. ನಾನು ಓದಿರುವುದು ಮೂರನೇ ಕ್ಲಾಸು. ಕಾಗುಣಿತ ತಪ್ಪಿದ ಕಡೆ ಅವರೇ ತಿದ್ದಿಕೊಳ್ಳಲಿ. ಯಾರಿಗೆ ಧೈರ್ಯ ಬರುತ್ತದೋ ನನಗೆ ಗೊತ್ತಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ನಮ್ಮದು ಸಾರಕ್ಕಿ. ಈಗ ಎಲ್ಲರೂ ಜೆ.ಪಿ. ನಗರ ಅನ್ನುತ್ತಾರೆ. ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಮೂರು ಅಂತಸ್ತು ಕಟ್ಟಿ ಬಾಡಿಗೆಗೆ ಬಿಟ್ಟಿದ್ದೇವೆ. ಕೆಳಗಿನ ಮನೆಯಲ್ಲಿ ನಾನು, ನನ್ನ ಮಗ ಮಂಜು, ಅವನ ಹೆಂಡತಿ ಇದ್ದೇವೆ. ಹೊಲ ಹೋಯಿತು, ಹಸುಗಳು ಹೋದವು, ಒಂದು ಮಾತ್ರ ಉಳಿಯಿತು. ನಮ್ಮತ್ತೆಯ ಕಾಲದಿಂದ ನಮ್ಮ ಮನೆಯಲ್ಲಿ ಕಾಮಾಲೆಗೆ ಔಷಧಿ ಕೊಡುತ್ತೇವೆ. ನೆಲನೆಲ್ಲಿ ಸೊಪ್ಪನ್ನು ಅರೆದು ಮಜ್ಜಿಗೆಯಲ್ಲಿ ಕಲಸಿ ಭಾನುವಾರ ಬೆಳಿಗ್ಗೆ ಬರಿ ಹೊಟ್ಟೆಗೆ ಒಂದು ಲೋಟ. ಹೀಗೆ ಮೂರು ಭಾನುವಾರ. ಮೊದಲು ಹೊಲದ ಬದುವಿನಲ್ಲೇ ಸೊಪ್ಪು ಸಿಗುತ್ತಿತ್ತು. ಆಮೇಲೆ ಹುಳಿಮಾವಿನ ಕೆರೆ ಕಡೆಯಿಂದ ತರಿಸುತ್ತಿದ್ದೆ. ಮಡಿವಾಳದಿಂದ, ಬಿ.ಟಿ.ಎಂ.ನಿಂದ ಆಟೋ ಮಾಡಿಕೊಂಡು ಜನ ಬರುತ್ತಿದ್ದರು. ಕಂಪ್ಯೂಟರ್ ಕೆಲಸದ ಹುಡುಗರೂ ಕಣ್ಣು ಹಳದಿ ಮಾಡಿಕೊಂಡು ನಮ್ಮ ಗೇಟಿನ ಮುಂದೆ ನಿಲ್ಲುತ್ತಿದ್ದರು.

ಹೊರಗಿನವರಿಗೆ ಪಥ್ಯ ಮಾತ್ರ. ಉಪ್ಪು, ಎಣ್ಣೆ ಬಿಡಬೇಕು. ನೆಂಟರಿಗೆ ಇನ್ನೊಂದು ಕಟ್ಟುಪಾಡಿತ್ತು. ರಕ್ತ ಹಂಚಿಕೊಂಡವರು ಔಷಧಿಗೆ ಬಂದರೆ ಅವರೂ ಗೇಟಿನ ಹೊರಗೆ ಸಾಲಿನಲ್ಲಿಯೇ ನಿಲ್ಲಬೇಕು. ಹೊಸ್ತಿಲು ದಾಟಬಾರದು. ಮೊದಲನೇ ಲೋಟದಿಂದ ಮೂರನೇ ಲೋಟದವರೆಗೆ ಕೊಡುವವಳೂ ಕುಡಿಯುವವರೂ ತಮ್ಮಲ್ಲಿ ಒಂದು ಮಾತೂ ಆಡಬಾರದು. ಆಡಿದರೆ ಔಷಧಿ ಹಿಡಿಯುವುದಿಲ್ಲ, ಕಾಯಿಲೆಯು ಔಷಧಿ ಕೊಡುವವಳ ಮೈಗೆ ಹತ್ತುತ್ತದೆ. ಅತ್ತೆ ಹೀಗೆ ಹೇಳಿಕೊಟ್ಟರು, ನಾನು ಹೀಗೆ ನಡೆಸಿದೆ. ಯಾಕೆ ಅಂತ ಅವರನ್ನು ಕೇಳಲಿಲ್ಲ. ಅವರೂ ಅವರ ಅತ್ತೆಯನ್ನು ಕೇಳಿರಲಿಕ್ಕಿಲ್ಲ.

ಜಯಮ್ಮ ನನಗಿಂತ ಆರು ವರ್ಷ ಚಿಕ್ಕವಳು. ಶ್ರೀನಗರಕ್ಕೆ ಕೊಟ್ಟಿತ್ತು. ಗಂಡ ತೀರಿಕೊಂಡ ಮೇಲೆ ಮಗಳು ಶೈಲಳ ಜೊತೆ ಇದ್ದಳು. ಅಷ್ಟು ದೂರದಿಂದ ಬಸ್ಸು ಬದಲಾಯಿಸಿಕೊಂಡು ಬಂದು, ನನ್ನ ಅಡುಗೆಮನೆಯಲ್ಲಿ ಕೂತು ಅವರಿವರ ವಿಷಯ ಮಾತಾಡಿ, ನನ್ನ ಕೈಲಿ ಬೈಸಿಕೊಂಡು ಹೋಗುತ್ತಿದ್ದಳು. ನಾನು ಏನು ಹೇಳಿದರೂ "ಆಯ್ತಕ್ಕ" ಅನ್ನುವವಳು. ಹುಟ್ಟಿದಾಗಿನಿಂದ ಹಾಗೆಯೇ.

ಯುಗಾದಿ ಕಳೆದ ಮೇಲಿನ ಭಾನುವಾರ ಬೆಳಿಗ್ಗೆ ಗೇಟಿನ ಹತ್ತಿರ ಬಂದು ನಿಂತಳು. ಸಾಲಿನಲ್ಲಿ ಆಗಲೇ ಏಳೆಂಟು ಜನ ಇದ್ದರು. ನಾನು ತಂಬಿಗೆ ಹಿಡಿದುಕೊಂಡು ಮೆಟ್ಟಿಲ ಮೇಲಿದ್ದೆ. ಅಷ್ಟು ದೂರದಿಂದಲೇ ಅವಳ ಕಣ್ಣು ಅರಿಸಿನ ಹಚ್ಚಿದ ಹಾಗೆ ಕಂಡಿತು. ಅವಳು ಗೇಟು ತಳ್ಳಿ ಬಾಯಿ ತೆರೆದಳು.

"ಅಕ್ಕ, ನಿನ್ನತ್ರ..."

ನಾನು ತುಟಿಯ ಮೇಲೆ ಬೆರಳಿಟ್ಟೆ. ಕೈಯಲ್ಲೇ ಹಿಂದಕ್ಕೆ ತಳ್ಳುವ ಹಾಗೆ ಮಾಡಿ ಸಾಲು ತೋರಿಸಿದೆ. ಅವಳು ನಿಂತು ನನ್ನ ಮುಖ ನೋಡಿದಳು. ಆಮೇಲೆ ಹಿಂದಕ್ಕೆ ಹೋಗಿ ಕೊನೆಯಲ್ಲಿ ನಿಂತಳು. ಸರದಿ ಬಂದಾಗ ಲೋಟ ಕೊಟ್ಟೆ. ಕುಡಿದಳು. ಲೋಟ ವಾಪಸು ಕೊಡುವಾಗ ನನ್ನ ಬೆರಳು ಹಿಡಿದುಕೊಂಡಳು. ನಾನು ಬಿಡಿಸಿಕೊಂಡು ಮುಂದಿನವರ ಕಡೆ ತಿರುಗಿದೆ.

ಅವತ್ತು ಮಧ್ಯಾಹ್ನ ಶೈಲ ಫೋನ್ ಮಾಡಿದಳು. "ದೊಡ್ಡಮ್ಮ, ಅಮ್ಮ ನಿನಗೆ..." ಅನ್ನುವಷ್ಟರಲ್ಲಿ ನಾನು ಗದರಿಸಿದೆ.

"ಮೂರು ಭಾನುವಾರ ಮುಗಿಯೋವರೆಗೂ ನಿಮ್ಮನೆಯಿಂದ ಯಾರೂ ಫೋನ್ ಮಾಡ್ಕೂಡದು. ಔಷಧಿ ಕೆಡುತ್ತೆ. ಉಪ್ಪು ಹಾಕ್ಬೇಡ ಅವಳಿಗೆ. ಇಡು."

ಅವಳು ಏನೋ ಹೇಳುತ್ತಿದ್ದಳು. ನಾನು ಇಟ್ಟುಬಿಟ್ಟೆ.

ಎರಡನೇ ಭಾನುವಾರ ಬಂದಾಗ ರವಿಕೆಯ ತೋಳು ಜೋಲಾಡುತ್ತಿತ್ತು, ಹೊಟ್ಟೆ ಮಾತ್ರ ಮುಂದೆ ಬಂದಿತ್ತು. ನೋಡಿದರೂ ನೋಡದ ಹಾಗೆ ಕೊಟ್ಟೆ. ಮೂರನೇ ಭಾನುವಾರ ಶೈಲ ಅವಳ ರಟ್ಟೆ ಹಿಡಿದುಕೊಂಡು ಕರೆತಂದಿದ್ದಳು. ಜಯಮ್ಮ ಕುಡಿದದ್ದನ್ನೆಲ್ಲ ಅಲ್ಲೇ ಗೇಟಿನ ಪಕ್ಕದಲ್ಲಿ ವಾಂತಿ ಮಾಡಿದಳು. ವಾಂತಿಯಾದರೆ ಆ ಲೋಟ ಲೆಕ್ಕಕ್ಕಿಲ್ಲ ಅಂತ ನಮ್ಮತ್ತೆ ಹೇಳುತ್ತಿದ್ದರು. ಇನ್ನೊಂದು ಲೋಟ ಕೊಟ್ಟೆ. ಶೈಲ ನನ್ನನ್ನು ನೋಡಿದ ನೋಟ ಈಗಲೂ ನೆನಪಿದೆ. ಜಯಮ್ಮ ಆ ಲೋಟವನ್ನೂ ಕುಡಿದಳು.

ಮೂರು ಮುಗಿಯಿತು, ನಾಳೆ ಹೋಗಿ ಮಾತಾಡಿಸಿಕೊಂಡು ಬರೋಣ ಅಂತ ಇದ್ದೆ. ಸೋಮವಾರ ಮನೆಗೆ ಬಣ್ಣ ಬಳಿಯುವವರು ಬಂದರು, ಹೋಗಲಿಲ್ಲ. ಮಂಗಳವಾರ ಬೆಳಿಗ್ಗೆ ಶೈಲ ಮಂಜುಗೆ ಫೋನ್ ಮಾಡಿ ಜಯನಗರದ ಆಸ್ಪತ್ರೆಗೆ ಸೇರಿಸಿದ್ದೇವೆ ಅಂದಳು. ನನಗೆ ಮಾಡಲಿಲ್ಲ.

ನಾನು ಹೋದಾಗ ಜಯಮ್ಮ ಮಂಚದ ಮೇಲೆ ಕಣ್ಣು ಬಿಟ್ಟುಕೊಂಡೇ ಇದ್ದಳು. ಈಲಿ ಕೆಲಸ ನಿಲ್ಲಿಸಿದರೆ ಮೈಯ ನಂಜು ತಲೆಗೆ ಏರುತ್ತದಂತೆ. ಅವಳಿಗೆ ಏರಿತ್ತು. ನಾನು ಹತ್ತಿರ ಕೂತು, "ಜಯ, ಮೂರೂ ಮುಗೀತು. ಈಗ ಮಾತಾಡ್ಬೋದು. ಏನು ಹೇಳು" ಅಂದೆ. ಅವಳು ನನ್ನನ್ನು ನೋಡಿ, "ಎಮ್ಮೆ ಒಳಗೆ ಕಟ್ಟಿದ್ಯಾ?" ಅಂದಳು. ಎಮ್ಮೆ ಕಂಡು ನಲವತ್ತು ವರ್ಷವಾಗಿತ್ತು. ಕಟ್ಟಿದ್ದೀನಿ ಅಂದೆ. ಆಮೇಲೆ ಅವಳು ಅರ್ಥವಾಗುವ ಮಾತು ಆಡಲಿಲ್ಲ. ಆರನೇ ದಿನ ಹೋದಳು.

ಈಲಿಯ ಕ್ಯಾನ್ಸರು, ಕೈಮೀರಿತ್ತು ಅಂತ ಡಾಕ್ಟರು ಅಂದರು. ನನ್ನ ಕಿವಿಗೆ ಕೇಳಿದ್ದು ಮಾತ್ರ ಒಂದೇ. ಮೂರು ವಾರ ನಾನು ಸೊಪ್ಪಿನ ರಸ ಕುಡಿಸಿದೆ. ಆ ಮೂರು ವಾರದಲ್ಲಿ ಅವಳನ್ನು ಆಸ್ಪತ್ರೆಗೆ ಕಳಿಸಿದ್ದರೆ ಉಳಿಯುತ್ತಿದ್ದಳು. ಮಣ್ಣು ಮಾಡಿ ಬಂದ ದಿನದಿಂದ ಇದೊಂದೇ ನನ್ನ ತಲೆಯಲ್ಲಿ. ಶೈಲ ತಿಥಿಯಲ್ಲೂ ನನ್ನ ಜೊತೆ ಮಾತಾಡಲಿಲ್ಲ. ಎಲೆಗೆ ಬಡಿಸಿ ಮುಂದೆ ಹೋದಳು. ಅವಳೂ ಹಾಗೇ ಅಂದುಕೊಂಡಿದ್ದಾಳೆ ಅಂತ ನನಗೆ ಖಾತ್ರಿಯಾಯಿತು.

ಜಯಮ್ಮನ ರಕ್ತದಲ್ಲಿ ಕಾಮಾಲೆಯ ವೈರಸ್ಸು ಇತ್ತಂತೆ. ಬಿ ಅಂತ ಅದರ ಹೆಸರು. ಹೆರಿಗೆಯಲ್ಲಿ ತಾಯಿಯಿಂದ ಮಗುವಿಗೆ ಬರುತ್ತದೆ, ಐವತ್ತು ಅರವತ್ತು ವರ್ಷ ಸುಮ್ಮನೆ ಕೂತಿರುತ್ತದೆ. ಒಡಹುಟ್ಟಿದವರು, ಮಕ್ಕಳು ಎಲ್ಲರೂ ಪರೀಕ್ಷೆ ಮಾಡಿಸಿಕೊಳ್ಳಬೇಕು ಅಂತ ಆಸ್ಪತ್ರೆಯವರು ಶೈಲಳಿಗೆ ಹೇಳಿದರು, ಅವಳು ಮಂಜುಗೆ ಹೇಳಿದಳು. ಶೈಲಳಿಗೆ ಇರಲಿಲ್ಲ. ಮಂಜುಗೆ ಇರಲಿಲ್ಲ. ನನಗೆ ಇತ್ತು. ಊರಿನ ಕಾಮಾಲೆಗೆಲ್ಲ ಔಷಧಿ ಕೊಟ್ಟವಳ ರಕ್ತದಲ್ಲೇ ಅದು ಹುಟ್ಟಿದಾಗಿನಿಂದ ಇತ್ತು.

ಅದೇ ಆಸ್ಪತ್ರೆಯಲ್ಲಿ ನನ್ನ ಹೊಟ್ಟೆಯ ಸ್ಕ್ಯಾನು ಮಾಡಿದರು. ತಣ್ಣನೆಯ ಅಂಟು ಸವರಿ ಒತ್ತುತ್ತಿದ್ದ ಹುಡುಗಿ ಮೊದಲು ಪಕ್ಕದವಳ ಜೊತೆ ಮಾತಾಡುತ್ತಿದ್ದಳು. ಇದ್ದಕ್ಕಿದ್ದ ಹಾಗೆ ಮಾತು ನಿಲ್ಲಿಸಿ ಒಂದೇ ಜಾಗದಲ್ಲಿ ಒತ್ತತೊಡಗಿದಳು.

"ಏನಮ್ಮ, ಸಿಕ್ತಾ?" ಅಂದೆ.

"ಡಾಕ್ಟ್ರು ಹೇಳ್ತಾರೆ ಅಜ್ಜಿ."

"ಅಂದ್ರೆ ಸಿಕ್ತು."

ಗಡ್ಡೆ ನಿಂಬೆಹಣ್ಣಿನಷ್ಟು, ಈಲಿಯ ಅಂಚಿನಲ್ಲಿ ಇತ್ತು. ಮಂಜು ಹೊರಗೆ ಬಂದು ಗೋಡೆಯ ಕಡೆ ಮುಖ ಮಾಡಿ ಅತ್ತ. ಐವತ್ತು ವರ್ಷದ ಗಂಡಸು. "ಅಳೋದಾದ್ರೆ ಮನೇಲಿ ಅಳು, ಇಲ್ಲಿ ಜನ ನೋಡ್ತಾರೆ" ಅಂದೆ. ಅವನು ಇನ್ನೂ ಜೋರಾಗಿ ಅತ್ತ. ಪಕ್ಕದಲ್ಲಿ ಕೂತಿದ್ದ ಹುಬ್ಬಳ್ಳಿ ಕಡೆಯ ಒಬ್ಬ ಹೆಂಗಸು ಅವನಿಗೆ ನೀರಿನ ಬಾಟಲಿ ಕೊಟ್ಟಳು. ಅವಳ ಗಂಡನಿಗೂ ಇದೇ ಕಾಯಿಲೆ. "ನಿಮ್ದು ಕೊಯ್ಯಾಕ ಬರ್ತೈತಿ ಅಂದಾರೇನ್ರಿ?" ಅಂತ ಕೇಳಿದಳು. ಹೂಂ ಅಂದೆ. "ಹಂಗಾದ್ರ ಪುಣ್ಯಾ ಮಾಡೀರಿ. ನಮ್ಮವ್ರದು ಬರಾಂಗಿಲ್ಲಂತ" ಅಂದಳು. ಅವಳ ಮಡಿಲಲ್ಲಿದ್ದ ಫೈಲು ಜಾರುತ್ತಿತ್ತು, ಸರಿ ಮಾಡಿಕೊಟ್ಟೆ.

ಆ ಬೆಂಚುಗಳ ಮೇಲೆ ಕೂತವರಿಗೆ ಒಂದು ಹೇಳುತ್ತೇನೆ. ಅಲ್ಲಿ ಹೆದರಿಕೆ ಎಲ್ಲರಿಗೂ ಆಗುತ್ತದೆ. ನನಗೆ ಒಂದಕ್ಕೆ ಹೋಗುವುದೂ ನಿಂತುಹೋಗಿತ್ತು. ಆಪರೇಷನ್ನಿಗೆ ಹಿಂದಿನ ದಿನ ಒಬ್ಬ ಆಯಾ ಬಂದು ಕೇಳದೆಯೇ ನನ್ನ ತಲೆ ಬಾಚಿ ಎರಡು ಜಡೆ ಹಾಕಿದಳು. "ಒಳಗಡೆ ಟೋಪಿ ಹಾಕ್ತಾರಮ್ಮ, ಗಂಟಾಗುತ್ತೆ" ಅಂದಳು. ಅಮ್ಮ ಸತ್ತ ಮೇಲೆ ನನ್ನ ತಲೆಯನ್ನು ಜಯಮ್ಮ ಬಿಟ್ಟು ಇನ್ನೊಬ್ಬರು ಬಾಚಿರಲಿಲ್ಲ. ಆವತ್ತು ನಾನು ಅತ್ತುಬಿಟ್ಟೆ. ಆಯಾ ನೋಡಿದರೂ ಕೇಳಲಿಲ್ಲ. ಒಳ್ಳೆಯವಳು.

ಆಪರೇಷನ್ ಆದ ಮೇಲಿನ ನೋವನ್ನು ಬರೆಯುವುದಿಲ್ಲ. ಕೆಮ್ಮು ಬಂದರೆ ದಿಂಬು ಅಪ್ಪಿಕೊಳ್ಳಬೇಕು, ಅಷ್ಟು ಗೊತ್ತಿದ್ದರೆ ಸಾಕು. ಹನ್ನೊಂದನೇ ದಿನ ಮನೆಗೆ ಬಂದೆ. ಎದುರು ಮನೆಯ ಗೌರಮ್ಮ ನೋಡಲು ಬಂದು, ಸೇಬು ಇಟ್ಟು, ನನ್ನ ಹತ್ತಿರ ಬಗ್ಗಿ ಮೆಲ್ಲಗೆ ಕೇಳಿದಳು.

"ಅಲ್ಲ ಕಣಕ್ಕ, ತಂಗಿ ಹತ್ರ ಮಾತಾಡ್ಬಿಟ್ಟಿರ್ಬೇಕು ನೀನು. ಅದಕ್ಕೇ ನಿಂಗೂ ಹತ್ತಿಕೊಂಡಿದೆ."

"ಮಾತಾಡಿದ್ರೆ ಚೆನ್ನಾಗಿತ್ತು. ಎದ್ದು ಹೋಗು" ಅಂದೆ.

ಸೇಬು ಅಲ್ಲೇ ಬಿಟ್ಟು ಹೋದಳು. ಆ ವಾರದಿಂದ ಗೇಟಿಗೆ ಬೀಗ ಹಾಕಿಸಿದೆ. ಔಷಧಿ ಕೊಡುವುದಿಲ್ಲ, ಆಸ್ಪತ್ರೆಗೆ ಹೋಗಿ ರಕ್ತ ಪರೀಕ್ಷೆ ಮಾಡಿಸಿ ಅಂತ ಮಂಜು ಒಂದು ರಟ್ಟಿನ ಮೇಲೆ ಬರೆದು ತೂಗುಹಾಕಿದ. ಬೈದುಕೊಂಡು ಹೋದವರು ಎಷ್ಟೋ ಜನ. ಬೈಯಲಿ. ಒಬ್ಬಳನ್ನು ಕೊಂದದ್ದು ಸಾಲದೇ ಅಂತ ನನಗೆ ನಾನೇ ಅಂದುಕೊಳ್ಳುತ್ತಿದ್ದೆ.

ಜಯಮ್ಮ ಹೋಗಿ ಐದು ತಿಂಗಳಾದ ಮೇಲೆ ಆಸ್ಪತ್ರೆಯ ಲ್ಯಾಬಿನಿಂದ ಫೋನ್ ಬಂತು. ನನ್ನ ಗಡ್ಡೆಯ ತುಂಡು, ಜಯಮ್ಮನ ಗಡ್ಡೆಯಿಂದ ಸೂಜಿಯಲ್ಲಿ ತೆಗೆದ ತುಂಡು, ಎರಡನ್ನೂ ಅವರು ಇಟ್ಟಿದ್ದರು. ಅದರಲ್ಲಿ ಏನೋ ಬೇರೆ ಥರದ್ದು ಸಿಕ್ಕಿದೆ, ಅದನ್ನು ಇನ್ನೂ ಪರೀಕ್ಷೆ ಮಾಡಲು ನನ್ನ ಸಹಿ ಬೇಕು, ಜಯಮ್ಮನ ತುಂಡಿಗೆ ಅವಳ ಮಗಳ ಸಹಿ ಬೇಕು ಅಂದರು. ನಾನು ಹೋದಾಗ ಶೈಲ ಆಗಲೇ ಬಂದು ಕುರ್ಚಿಯಲ್ಲಿ ಕೂತಿದ್ದಳು. ನನ್ನನ್ನು ನೋಡಿ ಕೈಚೀಲವನ್ನು ಪಕ್ಕದ ಕುರ್ಚಿಯಿಂದ ತೆಗೆದು ತೊಡೆಯ ಮೇಲಿಟ್ಟುಕೊಂಡಳು. ಅಲ್ಲಿ ಕೂತೆ.

ಡಾಕ್ಟರಮ್ಮನಿಗೆ ಶೈಲಳಷ್ಟೇ ವಯಸ್ಸು, ಮೂವತ್ತೈದಿರಬಹುದು. ಸೂಕ್ಷ್ಮದರ್ಶಕದಲ್ಲಿ ಎರಡು ಗಾಜಿನ ತುಂಡು ಒಂದಾದ ಮೇಲೊಂದು ಇಟ್ಟು ನೋಡಿ ಅಂದರು. ಎರಡರಲ್ಲೂ ಒಂದು ಕಡೆ ತಿಳಿ ನೀಲಿ, ಇನ್ನೊಂದು ಕಡೆ ಸುಟ್ಟ ಬೆಲ್ಲದ ಬಣ್ಣ.

"ಕಂದು ಬಣ್ಣ ಇರೋ ಕಡೆ ಗಡ್ಡೆ ಅಜ್ಜಿ. ಅಲ್ಲಿ ಒಂದು ಎಂಜೈಮು ಇದೆ. ಎಂಜೈಮು ಅಂದ್ರೆ, ಹಾಲಿಗೆ ಹೆಪ್ಪು ಹಾಕ್ತೀರಲ್ಲ, ಹಾಗೆ ಮೈಯೊಳಗೆ ಒಂದನ್ನ ಇನ್ನೊಂದು ಮಾಡೋದು ಅಂತ ಇಟ್ಕೊಳ್ಳಿ. ಸರಿಯಾಗಿರೋ ಲಿವರಲ್ಲಿ ಒಂದು ಥರ ಇರುತ್ತೆ. ಇದು ಆ ಥರದ್ದಲ್ಲ. ಗರ್ಭದಲ್ಲಿರೋ ಮಗುವಿನ ಲಿವರಲ್ಲಿ ಇರೋ ಥರದ್ದು. ಹುಟ್ಟಿದ ಮೇಲೆ ಅದು ನಿಂತು ಹೋಗ್ಬೇಕು. ಗಡ್ಡೆ ಅದನ್ನ ಮತ್ತೆ ಶುರು ಮಾಡಿದೆ."

ನಾನು ಯೋಚನೆ ಮಾಡಿದೆ. "ಗಬ್ಬವಿಲ್ಲದ ಮುದಿ ಹಸು ಗಿಣ್ಣು ಹಾಲು ಕೊಟ್ಟಂಗೆ" ಅಂದೆ.

ಡಾಕ್ಟರಮ್ಮ ನಕ್ಕರು. "ಹಾಗೇ ಅಜ್ಜಿ. ಕೊಡಬಾರದ ಕಾಲದಲ್ಲಿ ಕೊಡ್ತಾ ಇದೆ."

"ಇಬ್ಬರಿಗೂ ಒಂದೇ ಥರ ಬಂದಿದೆ, ಅಕ್ಕತಂಗಿ ಅಂತ್ಲಾ?"

"ಹಾಗೇನಿಲ್ಲ. ಸಂಬಂಧ ಇಲ್ದೇ ಇರೋರ ಗಡ್ಡೇಲೂ ಇರುತ್ತೆ. ಆದ್ರೆ ಇದು ರಕ್ತದಲ್ಲಿ ಕಾಣಿಸ್ಕೊಂಡ್ರೆ ಗಡ್ಡೆ ವಾಪಸ್ ಬರ್ತಿದೆ ಅಂತ ಬೇಗ ಗೊತ್ತಾಗ್ಬೋದೇನೋ ಅಂತ ನೋಡ್ತಾ ಇದೀವಿ. ಇನ್ನೂ ಖಚಿತ ಇಲ್ಲ. ನಿಮ್ಮ ರಕ್ತ ಮೂರು ತಿಂಗಳಿಗೊಮ್ಮೆ ಬೇಕು."

ಅಷ್ಟು ಹೊತ್ತು ನನ್ನ ಬಾಯಲ್ಲಿ ಇದ್ದದ್ದು ಬೇರೆ ಪ್ರಶ್ನೆ. ಶೈಲ ಪಕ್ಕದಲ್ಲೇ ಇದ್ದಳು. ಇದ್ದರೆ ಇರಲಿ ಅಂತ ಕೇಳಿಬಿಟ್ಟೆ.

"ನನ್ನ ತಂಗೀನ ಮೂರು ವಾರ ಮುಂಚೆ ಕರ್ಕೊಂಡು ಬಂದಿದ್ರೆ ಉಳೀತಿದ್ಲಾ?"

ಡಾಕ್ಟರಮ್ಮ ಶೈಲಳನ್ನು ನೋಡಿದರು, ಆಮೇಲೆ ಜಯಮ್ಮನ ಕಾಗದ ನೋಡಿದರು. "ಮೂರು ವಾರ ಮುಂಚೆ ಅಂದ್ರೆ? ಬಂದಿದ್ರಲ್ಲ ಅಜ್ಜಿ" ಅಂದರು.

ಕಾಗದವನ್ನು ನನ್ನ ಕಡೆ ತಿರುಗಿಸಿ ಬೆರಳಿಟ್ಟು ತೋರಿಸಿದರು. ಸೂಜಿಯಲ್ಲಿ ತುಂಡು ತೆಗೆದ ತಾರೀಖು ಅಲ್ಲಿತ್ತು. ಅಕ್ಷರ ಓದಲು ನನಗೆ ಹೊತ್ತು ಬೇಕು, ಅಂಕಿ ಬೇಗ ಓದುತ್ತೇನೆ. ಅದು ಯುಗಾದಿಗೆ ಮುಂಚಿನ ವಾರ. ಅವಳು ನನ್ನ ಗೇಟಿಗೆ ಬಂದದ್ದು ಯುಗಾದಿ ಆದ ಮೇಲೆ.

"ಆಗ್ಲೇ ಆಪರೇಷನ್ ಆಗೋ ಸ್ಥಿತಿ ಇರ್ಲಿಲ್ಲ. ರಕ್ತನಾಳಕ್ಕೆ ಹರಡಿತ್ತು. ಆ ಮೂರು ವಾರದಿಂದ ಏನೂ ಬದಲಾಗ್ತಿರ್ಲಿಲ್ಲ ಅಜ್ಜಿ. ಒಂದು ವರ್ಷ ಮುಂಚೆ ಗೊತ್ತಾಗಿದ್ರೆ ಬೇರೆ ಮಾತು" ಅಂದರು.

ಅಂದರೆ ನನ್ನ ಔಷಧಿ ಅವಳನ್ನು ಕೊಲ್ಲಲಿಲ್ಲ. ಐದು ತಿಂಗಳು ನಾನು ಹೊತ್ತುಕೊಂಡಿದ್ದದ್ದು ಇಳಿಯಬೇಕಾಗಿತ್ತು. ಇಳಿಯಲಿಲ್ಲ. ನಾನು ಶೈಲಳ ಕಡೆ ತಿರುಗಿದೆ.

"ಗೊತ್ತಿದ್ದೂ ಯಾಕೆ ಔಷಧಿಗೆ ಬಂದ್ಲು?"

ಶೈಲ ಕಾಗದ ಎಳೆದುಕೊಂಡಳು. ಸಹಿ ಹಾಕಿದಳು. ನನಗೂ ಪೆನ್ನು ಕೊಟ್ಟಳು. ನಾನು ನನ್ನ ಹೆಸರು ಬರೆದೆ. ಹೊರಗೆ ಕಾರಿಡಾರಿಗೆ ಬಂದ ಮೇಲೆ ಅವಳು ನಿಂತಳು.

"ಔಷಧಿಗೆ ಬಂದಿರ್ಲಿಲ್ಲ ದೊಡ್ಡಮ್ಮ. ಶನಿವಾರ ಸಾಯಂಕಾಲ ರಿಪೋರ್ಟು ಬಂತು. ಅಮ್ಮ ಹಟ ಮಾಡಿ ನನ್ನತ್ರಾನೇ ಓದಿಸ್ಕೊಂಡ್ಲು. ಬೆಳಿಗ್ಗೆ ಎದ್ದು, ಅಕ್ಕನತ್ರ ಹೋಗಿ ಹೇಳಿ ಬರ್ತೀನಿ ಅಂತ ಒಬ್ಬಳೇ ಹೊರಟ್ಲು. ನೀನು ನೋಡಿದ ತಕ್ಷಣ ಬೆರಳು ತೋರಿಸಿ ಸಾಲಲ್ಲಿ ನಿಲ್ಸಿದ್ಯಂತೆ."

"ಕುಡಿಯಲ್ಲ ಅನ್ಬೇಕಿತ್ತು!"

"ನಿನ್ನ ಮಾತಿಗೆ ಯಾವತ್ತಾದ್ರೂ ಇಲ್ಲ ಅಂದಿದಾಳಾ ಅವಳು?"

ಶೈಲಳ ಕಣ್ಣಲ್ಲಿ ನೀರಿರಲಿಲ್ಲ.

"ಒಂದ್ಸಲ ಕುಡಿದ ಮೇಲೆ ಮಾತಾಡಿದ್ರೆ ಅಕ್ಕಂಗೆ ಹತ್ತುತ್ತೆ ಅಂತ ಬಾಯಿ ಕಟ್ಕೊಂಡ್ಲು. ನಾನು ಫೋನ್ ಮಾಡಿದ್ದು ಗೊತ್ತಾಗಿ ನನ್ನತ್ರ ಆಣೆ ಹಾಕಿಸ್ಕೊಂಡ್ಲು, ಮಂಜಣ್ಣಂಗೂ ಹೇಳ್ಕೂಡ್ದು ಅಂತ. ಕ್ಯಾನ್ಸರ್ರು ಯಾರಿಗೂ ಹತ್ತಲ್ಲಮ್ಮಾ, ನಿನ್ನ ವೈರಸ್ಸೂ ಮಾತಲ್ಲಿ ಹತ್ತಲ್ಲಮ್ಮಾ ಅಂತ ಬಡ್ಕೊಂಡೆ. ಕೇಳ್ಬೇಕಲ್ಲ. ಮೂರೇ ವಾರ, ಮುಗಿದ ತಕ್ಷಣ ಹೋಗಿ ಒಂದಿನವಿಡೀ ಮಾತಾಡ್ತೀನಿ ಅಂತಿದ್ಲು. ನೀನು ಮಂಗಳವಾರ ಬರೋಷ್ಟರಲ್ಲಿ ಅವಳ ಬುದ್ಧಿನೇ ಇರ್ಲಿಲ್ಲ."

ಸೋಮವಾರ ಬಣ್ಣದವರು ಬಂದಿದ್ದರು ಅಂತ ನಾನು ಹೇಳಲಿಲ್ಲ. ಗಾಲಿಕುರ್ಚಿಯೊಂದು ಬಂತು, ಇಬ್ಬರೂ ಗೋಡೆಗೆ ಸರಿದು ದಾರಿ ಬಿಟ್ಟೆವು.

"ನೀನು ನನ್ನ ಮೇಲೆ ಸಿಟ್ಟಾಗಿದ್ದು ಅದಕ್ಕೇನಾ?" ಅಂದೆ.

"ಮತ್ಯಾತಕ್ಕೆ? ಸೊಪ್ಪಿನ ರಸಕ್ಕೆ ಯಾರಾದ್ರೂ ಸಿಟ್ಟಾಗ್ತಾರಾ?"

ನಾನು ತಪ್ಪಾಯಿತು ಅನ್ನಲಿಲ್ಲ. ಅನ್ನಬೇಕಾದವಳು ಅಲ್ಲಿರಲಿಲ್ಲ. ಒಂದನ್ನು ಮಾತ್ರ ಕೇಳದೆ ಇರಲು ಆಗಲಿಲ್ಲ.

"ರಿಪೋರ್ಟು ವಿಷಯ ಹೇಳೋಕೆ ಒಂದು ದಿನವಿಡೀ ಬೇಕಿಲ್ಲ. ಇನ್ನೇನು ಹೇಳ್ಬೇಕು ಅಂತಿದ್ಲು?"

ಶೈಲ ನನ್ನ ಮುಖ ನೋಡಿದಳು. ಅವಳಿಗೆ ನನ್ನ ಮೇಲೆ ಕನಿಕರ ಬಂದದ್ದು ಆಗ ಅಂತ ಕಾಣುತ್ತದೆ. ನನ್ನ ಸೆರಗು ಹೆಗಲಿನಿಂದ ಜಾರಿತ್ತು, ಎಳೆದು ಸರಿಮಾಡಿದಳು.

"ಗೊತ್ತಿಲ್ಲ ದೊಡ್ಡಮ್ಮ. ಕೇಳ್ದೆ ನಾನು. ಅದು ಅಕ್ಕಂಗೆ ಹೇಳೋದು, ನಿಂಗಲ್ಲ ಅಂದ್ಲು."